ಬೀಳದ ಗೋಡೆಯನ್ನು ಕೇಳುವ ಹಕ್ಕು

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಜಿಟಿಜಿಟಿ ಮಳೆಗೆ ನೆನೆದ ಮಣ್ಣಿನ ಗೋಡೆ ರಾತ್ರಿ ಕುಸಿಯಿತು, ಒಳಗೆ ಮಲಗಿದ್ದವರು ಸತ್ತರು. ಊರಿನ ಹೆಸರು ಮಾತ್ರ ಬೇರೆ ಬೇರೆ ಇರುತ್ತದೆ. ಮರುದಿನ ಅಧಿಕಾರಿಗಳು ಬರುತ್ತಾರೆ, ಪಂಚನಾಮೆ ಆಗುತ್ತದೆ. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಸತ್ತ ಒಬ್ಬೊಬ್ಬರ ಲೆಕ್ಕಕ್ಕೆ 4 ಲಕ್ಷ ರೂಪಾಯಿ ಸಿಗುತ್ತದೆ. ಅದೇ ಗೋಡೆ ಬೀಳದ ಹಾಗೆ ಮನೆ ಕಟ್ಟಿಕೊಳ್ಳಲು ಅದೇ ಕುಟುಂಬಕ್ಕೆ, ಅದೂ ಪ್ರಧಾನಮಂತ್ರಿ ಆವಾಸ್ ಯೋಜನೆಯ ಪಟ್ಟಿಯಲ್ಲಿ ಹೆಸರು ಬಂದಿದ್ದರೆ, ಕೊಡುವುದು 1 ಲಕ್ಷ 20 ಸಾವಿರ. ಹೆಸರು ಬಾರದಿದ್ದರೆ ಅದೂ ಇಲ್ಲ. ಯಾಕೆ ಬರಲಿಲ್ಲ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಈ ಲೆಕ್ಕ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ.

ನಾನು ರೋಣ ತಾಲ್ಲೂಕಿನ ಒಂದು ಹಳ್ಳಿಯ ಗೌಂಡಿ. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಅಪ್ಪನ ಜೊತೆ ಕರಣಿ ಹಿಡಿದೆ. ಆಶ್ರಯ, ಇಂದಿರಾ ಆವಾಸ್, ಅಂಬೇಡ್ಕರ್, ಬಸವ ವಸತಿ, ಈಗಿನ ಪ್ರಧಾನಮಂತ್ರಿ ಆವಾಸ್, ಇಷ್ಟೂ ಯೋಜನೆಗಳ ಮನೆಗಳಿಗೆ ನಾನು ಗೋಡೆ ಎತ್ತಿದ್ದೇನೆ. ಅವುಗಳಿಂದ ಎಷ್ಟೋ ಕುಟುಂಬಗಳು ನೆರಳು ಕಂಡಿವೆ, ಅದನ್ನು ಅಲ್ಲಗಳೆಯುವ ಮಾತು ನನ್ನದಲ್ಲ. ಆದರೆ ಈ ಪತ್ರ ಬರೆಯುತ್ತಿರುವುದು ಇನ್ನೊಂದು ಯೋಜನೆ ಕೊಡಿ ಎಂದು ಕೇಳುವುದಕ್ಕಲ್ಲ. ಬಾಳಲು ತಕ್ಕ ಮನೆ ಪ್ರತಿಯೊಬ್ಬರ ಹಕ್ಕು ಎಂದು ಸಂಸತ್ತು ಕಾಯ್ದೆ ಮಾಡಬೇಕು. ಆ ಕಾಯ್ದೆ ಮುಂದಿಟ್ಟುಕೊಂಡು ಬಡವರು ಕಚೇರಿಯಲ್ಲೂ ಕೋರ್ಟಿನಲ್ಲೂ ಕೇಳುವ ಹಾಗಾಗಬೇಕು. ಯಾಕೆ ಎಂಬುದನ್ನು ನನ್ನ ಕೆಲಸದ ಕಡೆಯಿಂದಲೇ ಹೇಳುತ್ತೇನೆ.

ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಕಲ್ಲು-ಮಣ್ಣಿನ ದಪ್ಪ ಗೋಡೆ, ತೊಲೆ, ಜಂತಿ, ಅದರ ಮೇಲೆ ಸವಳು ಮಣ್ಣು. ಬೇಸಿಗೆಯಲ್ಲಿ ಅಂಥ ತಂಪು ಯಾವ ಆರ್‌ಸಿಸಿ ಮನೆಗೂ ಇಲ್ಲ. ಅವು ಕೆಟ್ಟ ಮನೆಗಳಲ್ಲ, ಆದರೆ ಕೈ ಬೇಡುವ ಮನೆಗಳು. ಮುಂಗಾರಿಗೆ ಮುಂಚೆ ಮಾಳಿಗೆ ಮೇಲಿನ ಹುಲ್ಲು ಕೀಳಬೇಕು, ಹೊಸ ಸವಳು ಮಣ್ಣು ಹರವಬೇಕು, ನೀರು ಹೋಗುವ ದೋಣಿ ಸರಿಮಾಡಬೇಕು. ಈಗ ಗಂಡ ಹೆಂಡತಿ ಇಬ್ಬರೂ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿರುತ್ತಾರೆ. ಮನೆಯಲ್ಲಿ ಉಳಿದವರು ಮುದುಕಿ ಮತ್ತು ಮೊಮ್ಮಕ್ಕಳು. ಮಾಳಿಗೆ ಹತ್ತುವವರು ಯಾರು? ಅದರ ಮೇಲೆ ಇನ್ನೊಂದು ಆಪತ್ತು: ಓಣಿಗೆ ಸಿಮೆಂಟ್ ರಸ್ತೆ ಮಾಡಿದ ಪ್ರತಿಸಲವೂ ಹಳೆಯದರ ಮೇಲೇ ಹೊಸ ಕಾಂಕ್ರೀಟ್ ಸುರಿಯುತ್ತಾರೆ. ರಸ್ತೆ ಏರುತ್ತದೆ, ಹೊಸ್ತಿಲು ಕೆಳಗೆ ಉಳಿಯುತ್ತದೆ. ಗಟಾರ ಇಲ್ಲದ ಕಡೆ ಓಣಿಯ ನೀರೆಲ್ಲ ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಮೇಲಿನಿಂದ ಸೋರಿಕೆ, ಕೆಳಗಿನಿಂದ ತೇವ. ಅಂಥ ಗೋಡೆ ನಾಲ್ಕು ದಿನದ ಜಡಿಮಳೆ ತಡೆಯುವುದಿಲ್ಲ ಎಂದು ನೋಡಿದ ಕೂಡಲೇ ಹೇಳಬಲ್ಲೆ. ಹೇಳಿದ್ದೇನೆ ಕೂಡ. 'ಗೌಂಡ್ಯಾರ, ನಮಗೂ ಗೊತ್ತೈತ್ರೀ. ಬಿಟ್ಟು ಎಲ್ಲಿಗೆ ಹೋಗೂಣು?' ಎನ್ನುತ್ತಾರೆ. ಅವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಇನ್ನು ಹೊಸ ಮನೆಯ ಮಾತು. ರೋಣ, ನರಗುಂದ, ನವಲಗುಂದದ ನೆಲ ಎರೆ ನೆಲ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಇಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದ ಹಾಗೆ ಎರಡಡಿ ಅಗೆದು ಗೋಡೆ ಎಬ್ಬಿಸಿದರೆ ಎರಡನೇ ವರ್ಷಕ್ಕೇ ಕಿಟಕಿಯ ಮೂಲೆಯಿಂದ ಸೀಳು ಬರುತ್ತದೆ. ಗಟ್ಟಿ ಪದರ ಸಿಗುವವರೆಗೂ ಅಗೆಯಬೇಕು, ಎರೆ ತೆಗೆದು ಗರಸು ತುಂಬಿ ನೀರು ಹಾಕಿ ದಮ್ಮಸ್ಸು ಮಾಡಬೇಕು, ಮೇಲೆ ಕಾಂಕ್ರೀಟ್ ಪಟ್ಟಿ ಕಟ್ಟಬೇಕು. ಇಷ್ಟಾಗುವಾಗ ಮಂಜೂರಾದ ದುಡ್ಡಿನ ಬಹುಪಾಲು ನೆಲದೊಳಗೇ ಹೋಗಿರುತ್ತದೆ. ಆದರೆ ಯೋಜನೆಗೆ ಬಯಲುಸೀಮೆಯೆಲ್ಲ ಒಂದೇ. ಎರೆಗೂ ಅಷ್ಟೇ, ಮಸಾರಿಗೂ ಅಷ್ಟೇ. ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಶುರುವಾದಾಗ 1 ಲಕ್ಷ 20 ಸಾವಿರ ಇತ್ತು. 2024ರಲ್ಲಿ ಇನ್ನೂ 2 ಕೋಟಿ ಮನೆ ಕಟ್ಟಿಸುತ್ತೇವೆಂದು ಕೇಂದ್ರ ಸಂಪುಟ ಒಪ್ಪಿದಾಗಲೂ ಅಷ್ಟೇ ಇತ್ತು. ಆ ನಡುವೆ ಸಿಮೆಂಟು, ಕಬ್ಬಿಣದ ಸಳಿ, ಮರಳು ಎಲ್ಲದರ ಬೆಲೆ ಏರಿತು, ನಮ್ಮ ಪಗಾರವೂ ಏರಿತು. ಪರಿಶಿಷ್ಟರಿಗೆ ರಾಜ್ಯ ಸರ್ಕಾರ ಸ್ವಲ್ಪ ಸೇರಿಸುತ್ತದೆ, ಶೌಚಾಲಯಕ್ಕೆ 12 ಸಾವಿರ ಬೇರೆ ಬರುತ್ತದೆ, ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ ಸೇರುತ್ತಿತ್ತು. ಎಲ್ಲ ಕೂಡಿಸಿದರೂ 25 ಚದರ ಮೀಟರಿನ, ಅಂದರೆ ಹೆಚ್ಚುಕಡಿಮೆ 270 ಚದರಡಿಯ ಮನೆ ಎರೆ ನೆಲದ ಮೇಲೆ ಸರಿಯಾಗಿ ಮುಗಿಯುವುದಿಲ್ಲ. ಉಳಿದದ್ದಕ್ಕೆ ಸಂಘದ ಸಾಲ, ಕೈಸಾಲ, ಕಿವಿಯೊಳಗಿನ ಬೆಂಡೋಲೆ.

ದುಡ್ಡು ಬರುವ ರೀತಿಯನ್ನೂ ಹೇಳಬೇಕು. ತಳಪಾಯ, ಲಿಂಟಲ್, ಚಾವಣಿ, ಪೂರ್ಣ, ಹೀಗೆ ಹಂತ ಹಂತಕ್ಕೆ ಮನೆ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಜಿಪಿಎಸ್ ಫೋಟೊ ತೆಗೆಯುತ್ತಾರೆ. ಕಳ್ಳಬಿಲ್ಲು ತಡೆಯಲು ಅದು ಬೇಕು, ಒಪ್ಪುತ್ತೇನೆ. ಆದರೆ ಫೋಟೊಕ್ಕೆ ತಳಪಾಯದ ಮೇಲ್ಭಾಗ ಕಾಣುತ್ತದೆ, ಆಳ ಕಾಣುವುದಿಲ್ಲ. ಗರಸು ತುಂಬಿದ್ದಾರೋ ಎರೆಯನ್ನೇ ಮುಚ್ಚಿದ್ದಾರೋ ಕಾಣುವುದಿಲ್ಲ. ಕಂತು ತಡವಾದರೆ ಲಿಂಟಲ್ ಮಟ್ಟಕ್ಕೆ ನಿಂತ ಗೋಡೆ ಒಂದು ಮಳೆಗಾಲವನ್ನು ಬೋಳಾಗಿಯೇ ಕಳೆಯುತ್ತದೆ. ಹಳೆ ಮನೆ ಕೆಡವಿದ ಕುಟುಂಬ ಅಷ್ಟು ದಿನ ತಗಡಿನ ಶೆಡ್ಡಿನಲ್ಲಿ. ಎಷ್ಟು ದಿನದೊಳಗೆ ಕಂತು ಕೊಡಲೇಬೇಕು, ಕೊಡದಿದ್ದರೆ ಆ ನಷ್ಟ ಯಾರದು ಎಂದು ಫಲಾನುಭವಿ ಕೈಯಲ್ಲಿ ಹಿಡಿದು ಕೇಳುವಂಥ ಕಾಯ್ದೆ ಇಲ್ಲ.

ಆದರೂ ಬರೀ ಗೋಡೆ ಮತ್ತು ದುಡ್ಡಿನ ಪ್ರಶ್ನೆ ಇದಲ್ಲ ಎಂದು ನನಗೆ ಕಲಿಸಿದ್ದು ಮಲಪ್ರಭೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಂದ ನೆರೆ ನಮ್ಮ ಭಾಗದವರಿಗೆ ಮರೆಯುವಂಥದ್ದಲ್ಲ. ಮಲಪ್ರಭೆ ಒಂದು ಕಡೆ, ಬೆಣ್ಣಿಹಳ್ಳ ಇನ್ನೊಂದು ಕಡೆ. ಹೊಳೆಆಲೂರು, ಮೆಣಸಗಿ, ಗಾಡಗೋಳಿ, ಹೊಳೆಮಣ್ಣೂರು, ಅತ್ತ ಕೊಣ್ಣೂರು. ಆಮೇಲೆ ಸರ್ಕಾರ 'ಆಸರೆ' ಎಂಬ ಹೆಸರಿನಲ್ಲಿ ದಾನಿಗಳು, ಮಠಗಳು, ಕಂಪನಿಗಳ ನೆರವು ಪಡೆದು ಎತ್ತರದ ಜಾಗದಲ್ಲಿ ನವಗ್ರಾಮಗಳನ್ನು ಕಟ್ಟಿಸಿತು. ಉದ್ದೇಶ ದೊಡ್ಡದು. ಅಂಥ ಒಂದು ನವಗ್ರಾಮದಲ್ಲಿ ಗುತ್ತಿಗೆದಾರರ ಕೈಕೆಳಗೆ ನಾನೂ ಇಟ್ಟಿಗೆ ಕಟ್ಟಿದ್ದೇನೆ. ಸಾಲು ಸಾಲು ಒಂದೇ ಅಳತೆಯ ಮನೆಗಳು, ಕೋಣೆ, ಅಡುಗೆ ಜಾಗ, ಬಚ್ಚಲು. ಬೀಗದ ಕೈ ಕೊಡುವ ಹೊತ್ತಿಗೆ ಒಬ್ಬ ಅಜ್ಜಿ ಒಳಗೆಲ್ಲ ಸುತ್ತಾಡಿ ಬಂದು ಕೇಳಿದಳು: 'ಎಲ್ಲಾ ಚಲೋ ಐತಿ ತಮ್ಮಾ. ಎಮ್ಮಿ ಎಲ್ಲೆ ಕಟ್ಟಲಿ? ಹೊಟ್ಟು ಎಲ್ಲೆ ಹಾಕಲಿ?' ನಕ್ಷೆಯಲ್ಲಿ ಎಮ್ಮೆ ಇರಲಿಲ್ಲ. ಹಿತ್ತಲಿರಲಿಲ್ಲ, ಕಣಜದ ಜಾಗವಿರಲಿಲ್ಲ. ಹೊಲ ಹಳೆ ಊರಿನ ಆಚೆ, ನವಗ್ರಾಮ ಈಚೆ. ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೋಗಿ ಸಂಜೆ ಬರುವ ಹಾದಿ ಇಮ್ಮಡಿಯಾಯಿತು. ನಲ್ಲಿಯಲ್ಲಿ ನೀರು ಬಂದ ದಿನ ಬಂತು. ಹಕ್ಕುಪತ್ರ ಹಲವರ ಕೈಗೆ ಬರಲೇ ಇಲ್ಲ. ಸ್ವಂತದ್ದು ಎಂಬ ಕಾಗದ ಇಲ್ಲದ ಮನೆಗೆ ಯಾರು ತಾನೇ ಸಾಲ ಮಾಡಿ ಕೊಟ್ಟಿಗೆ ಕಟ್ಟಿಕೊಳ್ಳುತ್ತಾರೆ? ಜನ ಒಬ್ಬೊಬ್ಬರಾಗಿ ಹಳೆ ಊರಿಗೆ ಮರಳಿದರು. ಖಾಲಿ ಮನೆಗಳ ಬಾಗಿಲು ಕಿಟಕಿ ಕಳುವಾದವು, ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹಳೆ ಊರುಗಳು ಮತ್ತೆ ಮುಳುಗಿದವು. ಆಗ ಕೆಲವರು 'ಮನೆ ಕೊಟ್ಟರೂ ಹೋಗದ ಜನ' ಎಂದು ಬೈದರು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬದುಕು ಹೊಳೆಯ ದಂಡೆಯಲ್ಲೇ ಉಳಿದಿತ್ತು, ಗೋಡೆ ಮಾತ್ರ ಗುಡ್ಡದ ಮೇಲೆ ಹೋಗಿತ್ತು.

ನನ್ನ ಮಗಳು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದಾಳೆ. ಅಜ್ಜಿಯ ಎಮ್ಮೆಯ ಮಾತು ಹೇಳಿದಾಗ ಅವಳು ವಿಶ್ವಸಂಸ್ಥೆಯ ಒಂದು ಸಮಿತಿ 1991ರಲ್ಲಿ ಬರೆದ ಟಿಪ್ಪಣಿಯನ್ನು ಓದಿ ಕನ್ನಡದಲ್ಲಿ ವಿವರಿಸಿದಳು. ನಾಲ್ಕು ಗೋಡೆ, ಮೇಲೊಂದು ಚಾವಣಿ ಇದ್ದರೆ ಸಾಲದು, ಮನೆ ತಕ್ಕ ಮನೆ ಎನಿಸಲು ಏಳು ಗುಣ ಇರಬೇಕು ಎನ್ನುತ್ತದೆ ಆ ಟಿಪ್ಪಣಿ. ಮೊದಲನೆಯದು, ಯಾರೂ ಎಬ್ಬಿಸಲಾರರು ಎಂಬ ಕಾನೂನಿನ ಭದ್ರತೆ. ನಮ್ಮ ನವಗ್ರಾಮದ ಹಕ್ಕುಪತ್ರ ನೆನಪಾಯಿತು. ನೀರು, ಬೆಳಕು, ಗಟಾರ, ಶೌಚ. ತಿನ್ನುವ ಅನ್ನಕ್ಕೆ ಕೊರತೆಯಾಗದಷ್ಟು ಖರ್ಚು. ಮಳೆ, ಚಳಿ, ರೋಗ, ಕುಸಿತದಿಂದ ಕಾಯುವ ಗಟ್ಟಿತನ. ಮುದುಕರು, ಅಂಗವಿಕಲರು, ದಿಕ್ಕಿಲ್ಲದವರಿಗೂ ಎಟಕುವುದು. ದುಡಿಮೆ, ಶಾಲೆ, ದವಾಖಾನೆಗೆ ಹತ್ತಿರದ ಜಾಗ. ಕೊನೆಯದು, ಅಲ್ಲಿರುವವರ ಬಾಳುವೆಯ ರೀತಿಗೆ ಒಪ್ಪುವ ಕಟ್ಟಡ. ಕೊನೆಯದನ್ನು ಮತ್ತೊಮ್ಮೆ ಓದಿಸಿದೆ. ಬೆಟಗೇರಿಯ ನೇಕಾರನಿಗೆ ಮಗ್ಗದ ಜಾಗವಿಲ್ಲದ ಮನೆ ಕೊಟ್ಟರೆ ಅವನ ಕಸುಬನ್ನೇ ಕಸಿದ ಹಾಗೆ. ರೈತನಿಗೆ ಕೊಟ್ಟಿಗೆ ಇಲ್ಲದ್ದೂ ಹಾಗೆಯೇ. ಜಗತ್ತಿನ ಯಾವುದೋ ಮೂಲೆಯಲ್ಲಿ ಕುಳಿತವರಿಗೆ ಹೊಳೆದದ್ದು ನಮ್ಮ ಜಿಲ್ಲೆಯ ನಕ್ಷೆ ಬರೆದವರಿಗೆ ಯಾಕೆ ಹೊಳೆಯಲಿಲ್ಲ? ಹೊಳೆಯಲೇಬೇಕು ಎಂಬ ಕಟ್ಟಳೆ ಇರಲಿಲ್ಲ, ಅದಕ್ಕೆ.

ಈ ಮಾತುಗಳಿಗೆ ನಮ್ಮ ದೇಶ ಹೊರಗಿನದಲ್ಲ. 1948ರ ಮಾನವ ಹಕ್ಕುಗಳ ಘೋಷಣೆಯ 25ನೇ ವಿಧಿ ಅನ್ನ, ಬಟ್ಟೆ, ಔಷಧದ ಜೊತೆಗೇ ವಸತಿಯನ್ನೂ ಹೇಳುತ್ತದೆ. ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ ತಕ್ಕ ವಸತಿಯನ್ನು ಹಕ್ಕು ಎನ್ನುತ್ತದೆ. ಅದಕ್ಕೆ ಭಾರತ ಸೇರಿದ್ದು 1979ರ ಏಪ್ರಿಲ್ 10ರಂದು. ಅಂದು ನಾನು ಕನ್ನಡ ಶಾಲೆಯಲ್ಲಿ ಓದುತ್ತಿದ್ದೆ, ಇಂದು ನನ್ನ ತಲೆ ಬೆಳ್ಳಗಾಗಿದೆ. ಒಪ್ಪಿಕೊಂಡ ಮಾತು ಇನ್ನೂ ದೇಶದ ಕಾಯ್ದೆಯಾಗಿಲ್ಲ.

ನ್ಯಾಯಾಲಯಗಳು ಸುಮ್ಮನೆ ಕೂತಿಲ್ಲ, ಅದನ್ನು ಗೌರವದಿಂದ ಹೇಳಬೇಕು. ಮುಂಬೈನ ಫುಟ್‌ಪಾತಿನಲ್ಲಿ ಬದುಕುತ್ತಿದ್ದವರನ್ನು ಎಬ್ಬಿಸಿದಾಗ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಕೋರ್ಟು, ಬದುಕುವ ಹಕ್ಕಿನೊಳಗೆ ದುಡಿದು ತಿನ್ನುವ ಹಕ್ಕೂ ಇದೆ ಎಂದಿತು. 1995ರ ಡಿಸೆಂಬರಿನಲ್ಲಿ ಚಮೇಲಿ ಸಿಂಗ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಆಸರೆ ಎಂದರೆ ಮೈಗೊಂದು ಮರೆ ಮಾತ್ರವಲ್ಲ, ಸಾಕಷ್ಟು ಜಾಗ, ಗಟ್ಟಿ ಕಟ್ಟಡ, ಬೆಳಕು, ಗಾಳಿ, ನೀರು, ವಿದ್ಯುತ್ತು, ಶೌಚ, ರಸ್ತೆ ಎಲ್ಲ ಸೇರಿ ಆಗುವ ಮನೆ ಎಂದಿತು. ಉತ್ತರ ಪ್ರದೇಶದಲ್ಲಿ ಪರಿಶಿಷ್ಟ ಜಾತಿಯವರ ಮನೆಗಳಿಗೆ ಸರ್ಕಾರ ಜಮೀನು ವಶಪಡಿಸಿಕೊಂಡಾಗ ಜಮೀನಿನವರು ಎದುರಿಸಿ ಹಾಕಿದ ಪ್ರಕರಣ ಅದು. ಕೋರ್ಟು ಮನೆಯಿಲ್ಲದವರ ಪರ ನಿಂತಿತು. 2024ರ ನವೆಂಬರ್ 13ರಂದು ಬುಲ್ಡೋಜರ್ ಪ್ರಕರಣದಲ್ಲಿ, 15 ದಿನದ ನೋಟಿಸು ಕೊಡದೆ ಮನೆ ಕೆಡವಬಾರದು, ತಪ್ಪಿದ ಅಧಿಕಾರಿಯೇ ಹೊಣೆ ಎಂದಿತು. ಓದಿ ಸಂತೋಷಪಟ್ಟೆ. ಆದರೆ ಅದೇ ಆದೇಶದಲ್ಲಿ ಇನ್ನೊಂದು ಸಾಲೂ ಇದೆ: ರಸ್ತೆ, ಫುಟ್‌ಪಾತು, ರೈಲು ಹಳಿಯ ಪಕ್ಕ, ಹೊಳೆ ಕೆರೆಯ ಜಾಗದಲ್ಲಿ ಕಟ್ಟಿಕೊಂಡವಕ್ಕೆ ಇದು ಅನ್ವಯಿಸುವುದಿಲ್ಲ. ಸ್ವಂತ ಜಾಗವಿಲ್ಲದವನು ಗುಡಿಸಲು ಹಾಕುವುದು ಅಲ್ಲಿಯೇ. ರಸ್ತೆ, ಹಳ್ಳದ ಜಾಗ ತೆರವಾಗಲೇಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಹಳ್ಳದ ದಂಡೆಯಲ್ಲಿ ಮಲಗುವುದು ಎಷ್ಟು ಅಪಾಯ ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಬ್ಬಿಸುವ ಮುಂಚೆ ಎಲ್ಲಿಗೆ ಕಳಿಸುತ್ತೀರಿ ಎಂಬ ಪ್ರಶ್ನೆಗೆ ಸರ್ಕಾರ ಲಿಖಿತ ಉತ್ತರ ಕೊಡಬೇಕು ಎಂಬುದಷ್ಟೇ ನನ್ನ ಮಾತು. ಅದನ್ನು ಕೋರ್ಟು ಪ್ರಕರಣ ಪ್ರಕರಣಕ್ಕೆ ಹೇಳಬಹುದು, ಎಲ್ಲರಿಗೂ ಎಲ್ಲ ಕಾಲಕ್ಕೂ ಕಟ್ಟಳೆಯಾಗಿ ಹೇಳಬೇಕಾದದ್ದು ಸಂಸತ್ತು.

ಎಬ್ಬಿಸುವುದು ಎಂದರೆ ಏನು ಎಂದು ಉತ್ತರ ಕರ್ನಾಟಕದವರಿಗೆ ಗೋವಾ ತೋರಿಸಿದೆ. 2004ರ ಜೂನಿನಲ್ಲಿ, ಕರಾವಳಿಯ ಮಳೆ ಹಿಡಿದ ಹೊತ್ತಿನಲ್ಲಿ, ವಾಸ್ಕೊ ಹತ್ತಿರದ ಬೈನಾ ಕಡಲತೀರದ ಮನೆಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಕನ್ನಡಿಗರು ಬಹಳ ಜನ. ಗೋವಾದ ಕಟ್ಟಡಗಳಿಗೆ ಕಲ್ಲು, ಮರಳು ಹೊತ್ತವರು ನಮ್ಮವರು. ನಾನೂ ಹರೆಯದಲ್ಲಿ ಅತ್ತ ದುಡಿಯಲು ಹೋದವನು. ಹಗಲು ಬೇರೆಯವರ ಮನೆಗೆ ಟೈಲ್ಸ್ ಕೂಡಿಸಿ ರಾತ್ರಿ ತಗಡಿನ ಕೆಳಗೆ ಸಿಮೆಂಟ್ ಚೀಲ ಹಾಸಿಕೊಂಡು ಮಲಗುತ್ತಿದ್ದೆವು. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಅಥವಾ ಹತ್ತಿರದಲ್ಲಿ ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು, ಅಡುಗೆ, ಸ್ನಾನ, ಶೌಚಕ್ಕೆ ಜಾಗ ಬೇರೆ ಇರಬೇಕು ಎಂದು 1996ರ ಕಾಯ್ದೆಯೇ ಹೇಳಿತ್ತು ಎಂದು ಗೊತ್ತಾದದ್ದು ಬಹಳ ತಡವಾಗಿ, ಮಗಳ ಪುಸ್ತಕದಿಂದ. ಈಗಲೂ ಹುಬ್ಬಳ್ಳಿ, ಬೆಂಗಳೂರಿನ ಕಟ್ಟಡಗಳ ಪಕ್ಕ ನಿಂತ ನೀಲಿ ತಗಡಿನ ಶೆಡ್ಡುಗಳನ್ನು ನೋಡಿ. ಅದರೊಳಗೆ ಮಕ್ಕಳು ಬೆಳೆಯುತ್ತಿದ್ದಾರೆ.

ಬೇರೆ ಬೇರೆ ಹಕ್ಕುಗಳನ್ನು ನಮ್ಮ ದೇಶ ಕಾಯ್ದೆ ಮಾಡಿದೆಯಲ್ಲ? 2002ರಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿ 2009ರಲ್ಲಿ ಕಾಯ್ದೆ ತಂದರು. 2005ರ ಉದ್ಯೋಗ ಖಾತ್ರಿ ಕಾಯ್ದೆ, ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಎಂದಿತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಇವುಗಳಿಂದ ಎಲ್ಲ ಸರಿಹೋಗಿಲ್ಲ. ಆದರೆ ರೇಷನ್ ಕಡಿಮೆ ಕೊಟ್ಟರೆ ಇವತ್ತು ನಮ್ಮೂರ ಹೆಣ್ಣುಮಕ್ಕಳು ಅಂಗಡಿ ಮುಂದೆ ಗಟ್ಟಿ ದನಿಯಲ್ಲಿ ಜಗಳ ತೆಗೆಯುತ್ತಾರೆ, 'ನಮ್ಮ ಪಾಲು ಕೊಡ್ರಿ' ಎನ್ನುತ್ತಾರೆ. ಅದೇ ಹೆಣ್ಣುಮಕ್ಕಳು ಮನೆ ಕೇಳಲು ಪಂಚಾಯ್ತಿಗೆ ಹೋದಾಗ 'ಒಂದ ಮನಿ ಹಾಕಿಸಿ ಪುಣ್ಯಾ ಕಟ್ಕೊಳ್ರಿ' ಎಂದು ಕೈ ಮುಗಿಯುತ್ತಾರೆ. ಅವರು ಮನೆಗಾಗಿ ಕೈ ಮುಗಿಯುವುದನ್ನು ನೋಡಲಾರದೆ ನಾನು ಈ ಪತ್ರ ಬರೆಯುತ್ತಿದ್ದೇನೆ.

ಗ್ರಾಮಸಭೆಯಲ್ಲಿ ಪಟ್ಟಿ ಓದುವಾಗ ಬಿಟ್ಟುಹೋಗುವವರು ಯಾರು ಎಂದರೆ ಹೆಚ್ಚಾಗಿ ಕಾಗದವಿಲ್ಲದವರು. ಜಾಗದ ಉತಾರ ಇನ್ನೂ ಸತ್ತ ಅಜ್ಜನ ಹೆಸರಿನಲ್ಲಿರುತ್ತದೆ, ಅಣ್ಣತಮ್ಮಂದಿರ ವಾಟ್ನಿ, ಅಂದರೆ ಆಸ್ತಿ ಪಾಲು, ಆಗಿರುವುದಿಲ್ಲ. ಗಂಡ ಬಿಟ್ಟವಳು ತವರಿನ ಪಡಸಾಲೆಯಲ್ಲಿರುತ್ತಾಳೆ, ಅವಳನ್ನು ಬೇರೆ ಕುಟುಂಬ ಎಂದು ಎಣಿಸುವುದಿಲ್ಲ. 2019ರ ನೆರೆ ಪರಿಹಾರದಲ್ಲೂ ಇದೇ ಆಯಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ಬರೆದರು. ಎ ಎಂದರೆ 5 ಲಕ್ಷ, ಸಿ ಎಂದರೆ 50 ಸಾವಿರ. ಆ ಅಕ್ಷರ ಬರೆದದ್ದು ಸರಿಯಿಲ್ಲ ಎನ್ನಿಸಿದರೆ, ಇಂಥವರ ಮುಂದೆ ಇಷ್ಟು ದಿನದೊಳಗೆ ಮೇಲ್ಮನವಿ ಹಾಕಿ, ಅವರು ಇಷ್ಟು ದಿನದೊಳಗೆ ಬಂದು ನೋಡಲೇಬೇಕು ಎಂಬ ಕಾಯ್ದೆ ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು! ಬಾಡಿಗೆಗಿದ್ದವರ ಪಾತ್ರೆಪಡಗ, ಕಾಳುಕಡಿ ಹೋದದ್ದು ಬೇರೆ. ಹುಬ್ಬಳ್ಳಿಯಂಥ ಊರಿನಲ್ಲಿ ಬಾಡಿಗೆ ಮನೆ ಕೇಳಿ ಹೋದವರಿಗೆ ಮೊದಲು ಜಾತಿ, ಧರ್ಮ ಕೇಳುತ್ತಾರೆ, ಒಂಟಿ ಹೆಂಗಸಾದರೆ ನೂರು ಪ್ರಶ್ನೆ. ಅದನ್ನೂ ಈ ಕಾಯ್ದೆ ತಡೆಯಬೇಕು.

ನಮ್ಮ ರಾಜ್ಯ ಒಂದು ಒಳ್ಳೆಯ ದಾರಿ ತೋರಿಸಿದೆ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿಗಳ ಜನ ತಲೆಮಾರುಗಟ್ಟಲೆ ಬೇರೆಯವರ ಜಮೀನು ಎಂದು ದಾಖಲೆಯಾದ ನೆಲದ ಮೇಲೆ ಬದುಕಿದರು. ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಅಂಥ ಜಾಗಗಳನ್ನು ಕಂದಾಯ ಗ್ರಾಮ ಮಾಡಿ, ವಾಸಿಸುವವರಿಗೇ ಹಕ್ಕುಪತ್ರ ಕೊಡುವ ಕೆಲಸ ನಡೆದಿದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು, 2025ರ ಮೇನಲ್ಲಿ ಹೊಸಪೇಟೆಯಲ್ಲಿ 1 ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ಎರಡು ಬೇರೆ ಬೇರೆ ಪಕ್ಷದ ಸರ್ಕಾರಗಳು ಒಂದೇ ಕೆಲಸ ಮುಂದುವರಿಸಿದವು, ಯಾಕೆಂದರೆ ಅದು ಕಾಯ್ದೆಯಲ್ಲಿ ಬರೆದಿತ್ತು. ನಮ್ಮ ಜಿಲ್ಲೆಯ ತಾಂಡಾದಲ್ಲಿ ಹಕ್ಕುಪತ್ರ ಸಿಕ್ಕವರೊಬ್ಬರು ಮರುವಾರವೇ ನನ್ನನ್ನು ಕರೆಸಿ, ಜೋಪಡಿ ತೆಗೆದು ಕಲ್ಲಿನ ಗೋಡೆ ಎಬ್ಬಿಸಲು ಅಳತೆ ಹಾಕಿಸಿದರು. ಕಾಗದ ಬಂದ ಮೇಲೆ ಮನುಷ್ಯ ತಾನೇ ದುಡ್ಡು ಹೊಂದಿಸುತ್ತಾನೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಎಲ್ಲರಿಗೂ ಮನೆ ಕಟ್ಟಿಕೊಡಲು ದುಡ್ಡೆಲ್ಲಿ ಎನ್ನುತ್ತಾರೆ. ಹಕ್ಕು ಎಂದರೆ ನಾಳೆಯೇ ಎಲ್ಲರಿಗೂ ಪುಕ್ಕಟೆ ಮನೆ ಎಂದಲ್ಲ. ಇರುವ ಸಂಪನ್ಮೂಲದಲ್ಲಿ ಹಂತ ಹಂತವಾಗಿ ಮಾಡಿ ಎಂದೇ ಆ ಒಡಂಬಡಿಕೆಯೂ ಹೇಳುತ್ತದೆ. ಭೇದ ಮಾಡದಿರುವುದಕ್ಕೆ, ನೋಟಿಸಿಲ್ಲದೆ ಎಬ್ಬಿಸದಿರುವುದಕ್ಕೆ, ಹಕ್ಕುಪತ್ರ ಕೊಡುವುದಕ್ಕೆ ದೊಡ್ಡ ದುಡ್ಡು ಬೇಡ. ಜಮೀನು ರಾಜ್ಯದ ವಿಷಯ, ಕೇಂದ್ರ ಹೇಗೆ ಕಾಯ್ದೆ ಮಾಡುತ್ತದೆ ಎನ್ನುವವರಿಗೆ ಸಂವಿಧಾನದ 253ನೇ ವಿಧಿ ಇದೆ: ದೇಶ ಒಪ್ಪಿಕೊಂಡ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಜಾರಿಗೆ ತರಲು ಸಂಸತ್ತು ಯಾವ ವಿಷಯದ ಮೇಲಾದರೂ ಕಾಯ್ದೆ ಮಾಡಬಹುದು.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ಕಾಯ್ದೆ ಮಾಡಿದರೆ ಮನೆ ಆಗುತ್ತದೆಯೇ? ದಕ್ಷಿಣ ಆಫ್ರಿಕಾದ ಸಂವಿಧಾನದ 26ನೇ ವಿಭಾಗದಲ್ಲಿ ವಸತಿಯ ಹಕ್ಕು ಇದೆ. ಎಲ್ಲ ಸಂದರ್ಭ ವಿಚಾರಿಸಿ ಕೋರ್ಟು ಆದೇಶ ಕೊಡದೆ ಯಾರನ್ನೂ ಮನೆಯಿಂದ ಎಬ್ಬಿಸುವಂತಿಲ್ಲ ಎಂದೂ ಇದೆ. ಐರೀನ್ ಗ್ರೂಟ್‌ಬೂಮ್ ಎಂಬ ತಾಯಿಯ ಹೆಸರಿನ ಪ್ರಕರಣದಲ್ಲಿ 2000ದಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ, ತೀರಾ ದಿಕ್ಕಿಲ್ಲದವರಿಗೆ ಏನೂ ವ್ಯವಸ್ಥೆ ಇಲ್ಲದ ವಸತಿ ಯೋಜನೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಗೆದ್ದ ಆ ತಾಯಿ 2008ರಲ್ಲಿ ತೀರಿಕೊಂಡಾಗಲೂ ಆಕೆಗೆ ಸರಿಯಾದ ಮನೆ ಸಿಕ್ಕಿರಲಿಲ್ಲ. ಇದನ್ನು ಓದಿ ರಾತ್ರಿಯೆಲ್ಲ ಯೋಚಿಸಿದೆ. ಹಕ್ಕು ಬರೆದು ಗಡುವು ಬರೆಯದಿದ್ದರೆ, ಹೊಣೆ ಯಾರದು ಎಂದು ಬರೆಯದಿದ್ದರೆ ಹೀಗಾಗುತ್ತದೆ. ನಮ್ಮ ರಾಜ್ಯದ 2011ರ ಸಕಾಲ ಕಾಯ್ದೆಯಲ್ಲಿ ಪ್ರತಿ ಸೇವೆಗೂ ದಿನ ಗೊತ್ತುಮಾಡಿ, ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಎಂದು ಬರೆದಿದ್ದಾರೆ. ಮೊತ್ತ ಸಣ್ಣದು, ರೀತಿ ಸರಿಯಾದದ್ದು. ವಸತಿ ಕಾಯ್ದೆಯಲ್ಲೂ ಅರ್ಜಿಗೆ ರಸೀದಿ, ಕಂತಿಗೆ ಗಡುವು, ತಿರಸ್ಕಾರಕ್ಕೆ ಲಿಖಿತ ಕಾರಣ, ಮೇಲ್ಮನವಿಗೆ ತಾಲ್ಲೂಕಿನಲ್ಲೇ ಒಬ್ಬ ಅಧಿಕಾರಿ ಇರಬೇಕು. ಮೊತ್ತ ನೆಲ ನೋಡಿ, ಪೇಟೆಯ ಬೆಲೆ ನೋಡಿ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಹಳೆಯ ಮಣ್ಣಿನ ಮನೆಗಳನ್ನು ಮಳೆಗಾಲಕ್ಕೆ ಮುಂಚೆ ಗೌಂಡಿಯೊಬ್ಬರನ್ನು ಕರೆದುಕೊಂಡು ಹೋಗಿ ತಪಾಸಣೆ ಮಾಡಿ, ದುರಸ್ತಿಗೆ ದುಡ್ಡು ಕೊಡಬೇಕು. ಊರು ಸ್ಥಳಾಂತರ ಮಾಡುವುದಿದ್ದರೆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಹರಡಿ ಹೆಂಗಸರ ಮಾತು ಕೇಳಿದ ಮೇಲೆಯೇ ಅಗೆಯಬೇಕು.

ರೋಣ, ಗದಗ, ಶಿರಹಟ್ಟಿ ವಿಧಾನಸಭಾ ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ, ನರಗುಂದ ಬಾಗಲಕೋಟೆಗೆ, ನವಲಗುಂದ ಧಾರವಾಡಕ್ಕೆ. ನಮ್ಮ ಕಡೆಯ ಊರುಗಳು ಹೀಗೆ ಮೂವರು ಸಂಸದರ ಕೈಯಲ್ಲಿವೆ. ಸಂಸದರು ಖಾಸಗಿ ಮಸೂದೆ ಮಂಡಿಸಬಹುದು ಎಂದು ಮಗಳು ಹೇಳುತ್ತಾಳೆ. ಮೂವರೂ ಪಕ್ಷ ಬದಿಗಿಟ್ಟು ವಸತಿ ಹಕ್ಕಿನ ಮಸೂದೆಯೊಂದನ್ನು ಮಂಡಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತೇನೆ. ನಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಠರಾವಾಗಿ ಮಂಡಿಸಲು ಅರ್ಜಿ ಬರೆದಿಟ್ಟುಕೊಂಡಿದ್ದೇನೆ. ಹೊಳೆಸಾಲಿನ ಬೇರೆ ಊರಿನವರೂ ತಮ್ಮ ಸಭೆಗಳಲ್ಲಿ ಠರಾವು ಮಾಡಿ ಅದರ ಪ್ರತಿಯನ್ನು ತಮ್ಮ ಸಂಸದರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಲಿ, ರಸೀದಿ ತೆಗೆದಿಟ್ಟುಕೊಳ್ಳಲಿ.

ಇಂತಿ,
ಒಬ್ಬ ಗೌಂಡಿ
ರೋಣ ತಾಲ್ಲೂಕು, ಗದಗ ಜಿಲ್ಲೆ